ಹಾಲಿಗೊಂದು ಮುಷ್ಟಿ, ಸಾಕಿಗೊಂದು ತಾರಮ್ಮಯ್ಯ

ಅಮೆರಿಕದಲ್ಲಿ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಪಾಳಿ ಪದ್ಧತಿ ಇದೆ. ವೀಸಾದ ಆರು ತಿಂಗಳು ಮುಗಿಯುತ್ತಲೇ ಬೀಗರು ವಿಮಾನ ಹತ್ತುತ್ತಾರೆ, ನಾವು ಇಳಿಯುತ್ತೇವೆ. ಸೈರನ್ ಒಂದು ಕೂಗುವುದಿಲ್ಲ, ಅಷ್ಟೆ. ಬಾಣಂತನದ ಮೊದಲ ಪಾಳಿಯನ್ನು ಬೀಗಿತ್ತಿ ಮುಗಿಸಿದ್ದರು. ಎಣ್ಣೆನೀರು, ಕಾರದ ಪುಡಿ, ಸಾಂಬ್ರಾಣಿ ಹೊಗೆಗೆ ಮನೆಯ ಸ್ಮೋಕ್ ಅಲಾರಂ ಅರಚಿಕೊಂಡದ್ದು, ಎಲ್ಲವೂ ಅವರ ಲೆಕ್ಕಕ್ಕೆ. ಏಳು ತಿಂಗಳ ಕೂಸಿನ ಎರಡನೇ ಪಾಳಿ ನಮ್ಮದು. ಹೊರಡುವ ಮುನ್ನ ಮಗಳು ಕಳಿಸಿದ ಪಟ್ಟಿಯಲ್ಲಿ ರಾಗಿ ಸರಿ, ಸಾರಿನ ಪುಡಿ, ಬಜೆ, ಮೆತ್ತಗಾದ ಹಳೇ ಪಂಚೆ, ಇವುಗಳ ಕೆಳಗೆ ಒಂದು ವಿಡಿಯೊ ಕೊಂಡಿಯೂ ಇತ್ತು. "ಪುಟ್ಟಿಗೆ ಸನ್ನೆ ಕಲಿಸ್ತಾ ಇದ್ದೀವಿ. ಬರೋಷ್ಟರಲ್ಲಿ ಇಬ್ಬರೂ ಇದನ್ನು ನೋಡಿ ಕೈ ಪಳಗಿಸಿಕೊಂಡಿರಿ" ಎಂಬ ಆಜ್ಞೆಯೂ.

ವಿಡಿಯೊದಲ್ಲಿ ಒಬ್ಬ ತಾಯಿ ಮಗುವಿನ ಮುಖಕ್ಕೆ ನೇರ ಕೂತು ಮುಷ್ಟಿ ಬಿಚ್ಚುವುದು, ಮುಚ್ಚುವುದು, ಬಿಚ್ಚುವುದು, ಮುಚ್ಚುವುದು ಮಾಡುತ್ತಿದ್ದಳು. ಹಾಗೆಂದರೆ ಹಾಲು. ಅಮೆರಿಕದ ಕಿವುಡರ ಸನ್ನೆಭಾಷೆಯಿಂದ ಕಡ ತಂದದ್ದು. ಹಸು ಕರೆಯುವ ಅಭಿನಯ. ತೀರ್ಥಹಳ್ಳಿ ಕಡೆಯ ಕೊಟ್ಟಿಗೆಯಲ್ಲಿ ಕೈ ಪಳಗಿಸಿಕೊಂಡ ನಮ್ಮಾಕೆ ಕನ್ನಡಕ ಏರಿಸಿ ನೋಡಿ, "ಹೀಗೆ ಹಿಂಡಿದ್ರೆ ಒಂದು ಹನಿ ಇಳಿಯಲ್ಲ. ಮೇಲಿಂದ ಒದೆ ಬೇರೆ" ಎಂದು ತೀರ್ಪು ಕೊಟ್ಟಳು. ಎರಡೂ ಕೈಯ ಬೆರಳುಗಳ ತುದಿ ಕೂಡಿಸಿ ಒಂದಕ್ಕೊಂದು ತಾಗಿಸಿದರೆ 'ಇನ್ನೂ ಬೇಕು'. ಕೂಡಿಸಿದ ಬೆರಳನ್ನು ಬಾಯಿಗೆ ತಂದರೆ 'ಊಟ'. ಇದೊಂದಕ್ಕೆ ಮಾತ್ರ ಪಾಠ ಬೇಕಿರಲಿಲ್ಲ, ನಮ್ಮ ಬಸ್‌ಸ್ಟ್ಯಾಂಡುಗಳಲ್ಲಿ ದಿನವೂ ನೋಡುವಂಥದ್ದೇ. ಎರಡೂ ಅಂಗೈ ಎತ್ತಿ, ಬೆರಳು ಬಿಡಿಸಿ, ಮಣಿಕಟ್ಟು ತಿರುವಿದರೆ 'ಆಯ್ತು, ಮುಗೀತು, ಸಾಕು'. ಈ ಕೊನೆಯದನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ನಮ್ಮ ಮನೆಯಲ್ಲಿ ನಡೆದ ಮಹಾಯುದ್ಧಕ್ಕೆಲ್ಲ ಇದೇ ಮೂಲ.

ಮಗಳ ವಾದ ಸರಳವಾಗಿತ್ತು. ಮಾತಾಡಲು ನಾಲಿಗೆ, ತುಟಿ, ದವಡೆ, ಉಸಿರು ಎಲ್ಲವೂ ಒಂದೇ ಗಳಿಗೆಯಲ್ಲಿ ಒಪ್ಪಂದಕ್ಕೆ ಬರಬೇಕು. ನಮ್ಮ ಹೌಸಿಂಗ್ ಸೊಸೈಟಿಯ ಪದಾಧಿಕಾರಿಗಳು ಬಂದಷ್ಟೇ ತಡವಾಗಿ ಅವು ಬರುತ್ತವೆ. ಕೈ ಅದಕ್ಕಿಂತ ಮೊದಲೇ ಹತೋಟಿಗೆ ಸಿಗುತ್ತದೆ. ಎಂಟೊಂಬತ್ತು ತಿಂಗಳ ಮಗುವಿಗೆ ಹಾಲು, ಅಮ್ಮ, ಬಾಳೆಹಣ್ಣು ಎಂದರೆ ತಿಳಿಯುತ್ತದೆ. ಹೇಳಲು ಮಾತ್ರ ಬಾಯಿ ಬಾರದು. ತಿಳಿಯುವುದಕ್ಕೂ ಹೇಳುವುದಕ್ಕೂ ನಡುವೆ ಬೀಳುವ ಈ ತಿಂಗಳುಗಳನ್ನು ಕೂಸುಗಳು ಚೀರಾಟದಲ್ಲಿ ಕಳೆಯುತ್ತವೆ, ದೊಡ್ಡವರು ಊಹೆಯಲ್ಲಿ. "ಹಸಿವಾ? ನಿದ್ದೆಯಾ? ಹೊಟ್ಟೆನೋವಾ? ಇರುವೆ ಕಚ್ಚಿತಾ?" ಎಂದು ಒಂದೊಂದೇ ಕೇಳುತ್ತ ಹೋಗುವ ಬದಲು ಕೂಸನ್ನೇ ಕೇಳಿದರಾಯಿತಲ್ಲ?

ಮಗಳ ಮನೆ ಇದ್ದದ್ದು ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್‌ನಲ್ಲಿ. ಅಲ್ಲಿಂದ ಕಾರಿನಲ್ಲಿ ಗಂಟೆಯೊಳಗೆ ಡೇವಿಸ್. ಮನುಷ್ಯರಿಗಿಂತ ಸೈಕಲ್ಲುಗಳೇ ಹೆಚ್ಚಿವೆಯೇನೋ ಅನ್ನಿಸುವ ಊರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಒಂದು ದೊಡ್ಡ ಕ್ಯಾಂಪಸ್ಸು. ಒಂದು ಭಾನುವಾರ ಅಳಿಯ ಕರೆದೊಯ್ದು, "ಇಲ್ಲೇ ಮಾವ, ಇದೆಲ್ಲ ಶುರುವಾಗಿದ್ದು" ಎಂದ. 1980ರ ದಶಕದ ಆರಂಭದಲ್ಲಿ ಇಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಲಿಂಡಾ ಆಕ್ರೆಡೋಲೊ ಅವರ ಸುಮಾರು ವರ್ಷದ ಮಗಳು ಹೂವು ಕಂಡರೆ ಮೂಗು ಸೊರಸೊರ ಮಾಡುತ್ತಿತ್ತಂತೆ. ಅದೇನೋ ಸರಿ. ಆದರೆ ಮೀನು ಕಂಡರೆ ಉಫ್ ಎಂದು ಊದುತ್ತಿತ್ತು. ಮೀನಿಗೂ ಊದುವುದಕ್ಕೂ ಎತ್ತಣಿಂದೆತ್ತ? ತಾಯಿ ಯೋಚಿಸಿ ನೋಡಿದರು: ತೊಟ್ಟಿಲ ಮೇಲೆ ತೂಗುಹಾಕಿದ್ದ ಆಟಿಕೆ ಮೀನುಗಳನ್ನು ಮಲಗಿಸುವ ಹೊತ್ತಿನಲ್ಲಿ ಊದಿ ಆಡಿಸುತ್ತಿದ್ದವರು ತಾವೇ. ಕೂಸು ಅದನ್ನು ಹಿಡಿದು ಮೀನಿಗೊಂದು ಹೆಸರು ಕಟ್ಟಿಕೊಂಡಿತ್ತು, ಯಾರೂ ಹೇಳಿಕೊಡದೆ.

ಇಂಥದ್ದು ನಮ್ಮ ಮನೆಗಳಲ್ಲೂ ನಡೆಯುತ್ತದೆ. ಮಿಕ್ಸಿ ಕಂಡರೆ ತಲೆ ಅಲ್ಲಾಡಿಸುವ, ಪ್ರೆಷರ್ ಕುಕ್ಕರ್ ಕಂಡರೆ ಕೆನ್ನೆ ಉಬ್ಬಿಸುವ ಎಷ್ಟು ಕೂಸುಗಳನ್ನು ನೋಡಿಲ್ಲ? ನಾವು "ಎಷ್ಟು ಜಾಣಿ ನೋಡು" ಎಂದು ನೆಂಟರ ಮುಂದೆ ನಾಲ್ಕು ಸಲ ಮಾಡಿಸಿ, ದೃಷ್ಟಿ ತೆಗೆದು, ಮರೆತುಬಿಡುತ್ತೇವೆ. ಆಕ್ರೆಡೋಲೊ ಮಾತ್ರ ಸಹೋದ್ಯೋಗಿ ಸೂಸನ್ ಗುಡ್‌ವಿನ್ ಜೊತೆ ಕೂತು ಬರೆದಿಟ್ಟುಕೊಂಡರು, ಬೇರೆ ಮಕ್ಕಳನ್ನೂ ನೋಡಿದರು, 1996ರಲ್ಲಿ 'ಬೇಬಿ ಸೈನ್ಸ್' ಎಂಬ ಪುಸ್ತಕ ತಂದರು. ಕಿವುಡ ತಂದೆತಾಯಿಯ, ಆದರೆ ಕಿವಿ ಕೇಳುವ ಕೂಸುಗಳು ಬೇಗನೆ ಸನ್ನೆ ಮಾಡುವುದನ್ನು ಗಮನಿಸಿದ್ದ ಜೋಸೆಫ್ ಗಾರ್ಸಿಯಾ ಎಂಬ ಇನ್ನೊಬ್ಬರು 1999ರಲ್ಲಿ ಮತ್ತೊಂದು ತಂದರು. ಆಮೇಲೆ ತರಗತಿ, ಡಿವಿಡಿ, ಚಿತ್ರದ ಕಾರ್ಡು. 2004ರಲ್ಲಿ 'ಮೀಟ್ ದಿ ಫಾಕರ್ಸ್' ಎಂಬ ಹಾಲಿವುಡ್ ಸಿನಿಮಾಕ್ಕೂ ಇದು ಬಂತು. ಅದರಲ್ಲಿ ರಾಬರ್ಟ್ ಡಿ ನೀರೊ, ನಿವೃತ್ತ ಗೂಢಚಾರ ತಾತ, ಮೊಮ್ಮಗನಿಗೆ ಮಿಲಿಟರಿ ಶಿಸ್ತಿನಲ್ಲಿ ಸನ್ನೆ ಕಲಿಸುತ್ತಾನೆ. ಇಷ್ಟೆಲ್ಲ ಮಾಡಿದ ಮೇಲೆ ಕೂಸಿನ ಬಾಯಿಂದ ಮೊದಲು ಉದುರುವ ಮಾತು ಮಾತ್ರ ಇಲ್ಲಿ ಅಚ್ಚು ಮಾಡುವಂಥದ್ದಲ್ಲ.

ನನಗೆ ಸನ್ನೆಯ ಮನೆಪಾಠ ಚಿಕ್ಕಂದಿನಲ್ಲೇ ಆಗಿತ್ತು. ನಮ್ಮ ತಾತ ಮೌನಭೋಜಿ. ಆಪೋಶನ ತೆಗೆದುಕೊಂಡರೆ ಉತ್ತರಾಪೋಶನದವರೆಗೆ ಬಾಯಿ ಇರುವುದು ಊಟಕ್ಕೆ ಮಾತ್ರ. ಹಾಗೆಂದು ಆ ಅರ್ಧ ಗಂಟೆ ಮನೆ ಶಾಂತವಾಗಿರುತ್ತಿತ್ತು ಎಂದು ಯಾರೂ ಭ್ರಮಿಸಬಾರದು. ತಾತ ಇಡೀ ದಿನದಲ್ಲಿ ಅತಿ ಹೆಚ್ಚು ಮಾತಾಡುತ್ತಿದ್ದದ್ದು ಆಗಲೇ. ಎಡಗೈಯ ಹೆಬ್ಬೆರಳು ತೋರುಬೆರಳು ಉಜ್ಜಿದರೆ ಉಪ್ಪು. ಕಿರುಬೆರಳು ಕೊಂಕಿಸಿದರೆ ತುಪ್ಪ. ಮುಷ್ಟಿ ಹಿಂದೆ ಮುಂದೆ ಎಳೆದರೆ ಮಜ್ಜಿಗೆ. ಹುಬ್ಬು ಎತ್ತಿ ಹುಳಿಯ ಕಡೆ ನೋಡಿದರೆ 'ಇದನ್ನು ಮಾಡಿದವರು ಯಾರು?'. ಇವಕ್ಕೆ ಹಿನ್ನೆಲೆಯಾಗಿ ಐದಾರು ಶ್ರುತಿಯ 'ಹೂಂ'ಕಾರ. ಕೊನೆಯ ಶ್ರುತಿಗೆ ನಾವು ಮಕ್ಕಳು ಎಲೆ ಬಿಟ್ಟು ಓಡುವುದೊಂದು ಬಾಕಿ. ಅಜ್ಜಿಗೆ ಆ ಭಾಷೆ ಪೂರ್ತಿ ಬರುತ್ತಿತ್ತು. ಆದರೆ ಹಗಲೆಲ್ಲ ಬೈಸಿಕೊಂಡದ್ದಕ್ಕೆ ಸೇಡು ತೀರಿಸಿಕೊಳ್ಳಲು ಸಿಗುತ್ತಿದ್ದದ್ದು ಇದೊಂದೇ ಗಳಿಗೆ. ತುಪ್ಪ ಕೇಳಿದರೆ ಉಪ್ಪು ತರುತ್ತಿದ್ದಳು. ಉಪ್ಪಿಗೆ ಕೈ ಅಡ್ಡ ಹಿಡಿದರೆ, "ಓ, ಸಾಕಾ? ತುಪ್ಪ ಬೇಡವಾ?" ಎಂದು ತುಪ್ಪದ ಗಿಂಡಿಯನ್ನೂ ಒಳಗೆ ಒಯ್ಯುತ್ತಿದ್ದಳು. ತಾತ ವ್ರತ ಮುರಿಯುವಂತಿಲ್ಲ, ಅನ್ನ ಒಣಗುವುದು ನಿಲ್ಲುವಂತಿಲ್ಲ. ಸನ್ನೆ ಮಾಡುವವನ ಬಲವೆಲ್ಲ ನೋಡುವವರ ಮರ್ಜಿಯಲ್ಲಿದೆ ಎಂದು ನನಗೆ ಅಂದೇ ಗೊತ್ತಾಯಿತು.

ಪಂಕ್ತಿಯ ಕಥೆಯಂತೂ ಎಲ್ಲರಿಗೂ ಗೊತ್ತು. ಎರಡನೇ ಸಲ ಹೋಳಿಗೆ ಬಂದಾಗ ನಾವು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, ಬೆನ್ನು ಬಗ್ಗಿಸಿ, ಮುಖದಲ್ಲಿ ಸಾಕ್ಷಾತ್ ವೈರಾಗ್ಯ ತಂದುಕೊಳ್ಳುತ್ತೇವೆ. ಬಡಿಸುವವನು ಅದನ್ನು 'ಇನ್ನು ಸ್ವಲ್ಪ ಬಲವಂತ ಮಾಡು' ಎಂದು ಓದಿಕೊಂಡು, ಬೆರಳ ಸಂದಿಯಲ್ಲೇ ಹೋಳಿಗೆ ಇಳಿಬಿಟ್ಟು ಮುಂದೆ ಹೋಗುತ್ತಾನೆ. ಹಾಗೆ ಓದಿಕೊಳ್ಳದೆ ನಿಜವಾಗಿಯೂ ಮುಂದೆ ಹೋದವನನ್ನು ಊರು ಕ್ಷಮಿಸುವುದಿಲ್ಲ. ಜಾತ್ರೆಯಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕುದುರಿಸುವ ದಲ್ಲಾಳಿಯ ಸನ್ನೆಯನ್ನು ನಂಬುವ ನಾವು, 'ಸಾಕು' ಎಂಬ ಒಂದು ಸನ್ನೆಯನ್ನು ಮಾತ್ರ ಯಾವತ್ತೂ ನಂಬಿದವರಲ್ಲ. ನಮ್ಮಾಕೆ ಈ ಸಂಪ್ರದಾಯದ ಪ್ರತಿನಿಧಿಯಾಗಿ ಫಾಲ್ಸಮ್‌ನಲ್ಲಿ ಬಂದಿಳಿದಿದ್ದಳು.

ಬಂದ ವಾರದಲ್ಲೇ ತೊಡಕು ಶುರುವಾಯಿತು. ಅಜ್ಜಿ ಬಂದ ಮೇಲೆ ಕೂಸಿಗೆ ಟಾಟಾ ಮಾಡುವುದು ಕಲಿಸದೆ ಇರುತ್ತಾಳೆಯೆ? ನಮ್ಮ ಕಡೆಯ ಕೂಸುಗಳ ಟಾಟಾ ಎಂದರೆ ಗೊತ್ತಲ್ಲ: ಕೈ ಮುಂದೆ ಚಾಚಿ, ಮುಷ್ಟಿ ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ. ಅಪ್ಪ ಆಫೀಸಿಗೆ ಹೊರಟಾಗ ಪುಟ್ಟಿ ಬಾಗಿಲಲ್ಲಿ ಹಾಗೆ ಮಾಡಿದಳು. ಮಗಳು ಒಳಗಿನಿಂದ, "ಹಾಲು ಕೇಳ್ತಾ ಇದ್ದಾಳೆ!" ಎಂದು ಓಡಿ ಬಂದಳು. ಸಂಜೆ ಪಕ್ಕದ ಮನೆಯ ಮುದುಕಿ ಬಂದು ಹೋಗುವಾಗ ಮತ್ತೆ ಅದೇ. ಮತ್ತೆ ಹಾಲು. ಕೂಸು ಬೀಳ್ಕೊಡುವ ಪ್ರತಿಯೊಬ್ಬರ ಹೆಸರಿನಲ್ಲೂ ಒಂದು ಬಾಟಲಿ ತಯಾರಾಗತೊಡಗಿತು. ಇನ್ನೊಂದು ಕಡೆ, ರಾತ್ರಿ ನಿಜಕ್ಕೂ ಹಸಿದು ತೊಟ್ಟಿಲಿನಲ್ಲಿ ಎದ್ದು ಕೂತು ಮುಷ್ಟಿ ಹಿಂಡಿದರೆ, ನಮ್ಮಾಕೆ "ಅಯ್ಯೋ ಬಂಗಾರ, ಟಾಟಾ ಟಾಟಾ" ಎಂದು ತಾನೂ ಕೈ ಬೀಸಿ ದೀಪ ಆರಿಸುತ್ತಿದ್ದಳು.

ಅದಕ್ಕಿಂತ ಘೋರ ತಾರಮ್ಮಯ್ಯನದು. ಕೂಸಿನ ಮುಂದೆ ಕೈ ಎತ್ತಿ, ಬೆರಳು ಬಿಡಿಸಿ, ಮಣಿಕಟ್ಟು ತಿರುವುತ್ತ ರಾಗವಾಗಿ ತಾರಮ್ಮಯ್ಯ ಆಡಿಸದ ಕನ್ನಡದ ಅಜ್ಜಿ ಇನ್ನೂ ಹುಟ್ಟಿಲ್ಲ. ಆಡದ ಕೂಸೂ ಇಲ್ಲ. ನಮ್ಮ ಪುಟ್ಟಿ ಎತ್ತರದ ಕುರ್ಚಿಯಲ್ಲಿ ಕೂತು, ಮೊದಲ ತುತ್ತು ರಾಗಿ ಸರಿ ನುಂಗಿ, ಅಜ್ಜಿಯ ಮುಖ ಕಂಡ ಸಂತೋಷಕ್ಕೆ ಎರಡೂ ಕೈ ಎತ್ತಿ ತಾರಮ್ಮಯ್ಯ ಆಡಿದಳು. ಮಗಳು ಬಟ್ಟಲು ಎತ್ತಿಕೊಂಡಳು.

"ಯಾಕೇ ತೆಗೆದೆ?"

"ಸಾಕಂತೆ ಅಮ್ಮ. ಸನ್ನೆ ಮಾಡಿದಳಲ್ಲ."

"ಸಾಕೂ ಇಲ್ಲ ಬೇಕೂ ಇಲ್ಲ, ಅದು ತಾರಮ್ಮಯ್ಯ!"

"ಅಮ್ಮ, ಅದು ಆಲ್ ಡನ್."

ಹೊಟ್ಟೆ ತುಂಬದ ಕೂಸು ಬಟ್ಟಲು ಹೋದ ದಿಕ್ಕಿಗೆ ನೋಡಿ ಕಿರುಚಿತು. ಇಬ್ಬರೂ ಒಟ್ಟಿಗೆ, "ನೋಡು, ನಾನು ಹೇಳಿದ್ದು ಸರಿ" ಎಂದರು. ನನ್ನನ್ನು ಮಧ್ಯಸ್ಥಿಕೆಗೆ ಕರೆದರು. ತಾರಮ್ಮಯ್ಯ ಆಡುವಾಗ ಮುಖದಲ್ಲಿ ನಗು ಇರುತ್ತದೆ, ಸಾಕೆನ್ನುವಾಗ ಇರುವುದಿಲ್ಲ ಎಂಬ ಸೂತ್ರ ಕೊಟ್ಟೆ. ಹೊಟ್ಟೆ ತುಂಬಿದವರೂ ನಗುತ್ತಾರೆ ಎಂಬ ಕಾರಣಕ್ಕೆ ಅದನ್ನು ಇಬ್ಬರೂ ತಳ್ಳಿಹಾಕಿದರು.

ಪುಟ್ಟಿಯ ಮೊದಲ ಪ್ರಶ್ನಾತೀತ ಸನ್ನೆ ಬಂದದ್ದು ಹಿಸುಕಿದ ಬಾಳೆಹಣ್ಣಿನ ಮೇಲೆ. ಕೊನೆಯ ಚಮಚ ಒಳಗೆ ಹೋಯಿತು. ಅವಳು ಖಾಲಿ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು. ಎಡಗೈಯ ಬೆರಳು ಕೂಡಲಿಲ್ಲ, ಅಂಟಂಟು. ಬಲಗೈ ಮುಷ್ಟಿಯನ್ನೇ ಎಡ ಅಂಗೈಗೆ ಎರಡು ಸಲ ಗುದ್ದಿದಳು. ಪುಸ್ತಕದ ಪ್ರಕಾರ ಅದು ತಪ್ಪು ಉಚ್ಚಾರ. ಆದರೆ ಆ ಕಣ್ಣಿನಲ್ಲಿ ತಾತನ ಹುಬ್ಬಿನ ಅದೇ ಗತ್ತು: ಇನ್ನೊಂದು ತಾ, ತಡ ಮಾಡಬೇಡ. ನಾನು ಹಣ್ಣು ಸುಲಿದೆ. ಆವತ್ತಿನಿಂದ ಅವಳಿಗೆ 'ಇನ್ನೂ' ಎಂಬುದರ ರುಚಿ ಹತ್ತಿತು. ಕಸದ ಲಾರಿ ಬಂದು ಹೋದರೆ ಇನ್ನೂ. ಮಂಗಳಾರತಿ ಆರಿದರೆ ಇನ್ನೂ. ಒಂದು ದಿನ ನಾನು ಸೀನಿದೆ. ಬಲು ಇಷ್ಟವಾಗಿ, ಇನ್ನೂ ಎಂದಳು. ಮೊಮ್ಮಗಳ ಮಾತು ತೆಗೆದುಹಾಕಲಾಗದೆ ನಾನು ಸುಳ್ಳು ಸೀನು ಸೀನುತ್ತ ಹೋದೆ. ನಮ್ಮಾಕೆ ಮೆಣಸಿನ ಕಷಾಯ ಕಾಯಿಸಿ ತಂದು ಕುಡಿಸಿದ ಮೇಲೆ ಆ ಪ್ರದರ್ಶನ ನಿಂತಿತು.

ಅಳಿಯ ಇಂಜಿನಿಯರು. ಲೆಕ್ಕವಿಲ್ಲದೆ ಅವನಿಗೆ ಪ್ರೀತಿಯೂ ಬರುವುದಿಲ್ಲ. ಯಾವ ಸನ್ನೆ, ಯಾವ ಹೊತ್ತು, ಏನು ಸಿಕ್ಕಿತು, ಎಲ್ಲವನ್ನೂ ಎಕ್ಸೆಲ್‌ಗೆ ಏರಿಸುತ್ತಿದ್ದ. ಸನ್ನೆ ಕಲಿತ ಮಕ್ಕಳು ಮಾತಿನಲ್ಲೂ ಮುಂದೆ ಇದ್ದರು ಎಂದು ಡೇವಿಸ್‌ನವರು 2000ದಲ್ಲಿ ಪ್ರಕಟಿಸಿದ್ದರು. ಅದೇ ವರ್ಷ ಒಂದು ಸಮ್ಮೇಳನದಲ್ಲಿ, ಆ ಮಕ್ಕಳ ಬುದ್ಧಿಮತ್ತೆ ಎಂಟನೇ ವಯಸ್ಸಿಗೆ ಸರಾಸರಿ 12 ಅಂಕ ಹೆಚ್ಚು ಎಂದೂ ಹೇಳಿದ್ದರು. ಭಾರತೀಯ ತಂದೆಯ ಕಿವಿಗೆ '12 ಅಂಕ ಹೆಚ್ಚು' ಎಂದು ಬಿದ್ದ ಮೇಲೆ ಮುಂದಿನದು ಹೇಳಬೇಕೆ? ಅವನು ಕೂಸಿಗೆ ಆನೆ, ಒಂಟೆ, ವಿಮಾನಗಳ ಸನ್ನೆಯನ್ನೂ ತರಬೇತಿ ಕೊಡಲು ಕೂತ. ಮಗಳು ಅವನಿಗೆ ಉಳಿದ ಅರ್ಧವನ್ನೂ ಓದಿಸಿದಳು. 2005ರಲ್ಲಿ ಕೆನಡಾದ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಇವಿಷ್ಟರಿಂದ ಸನ್ನೆಯ ಲಾಭ ಸಾಬೀತಾಗುವುದಿಲ್ಲ ಎಂದರು. 2013ರಲ್ಲಿ ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಎಲಿಜಬೆತ್ ಕರ್ಕ್ ಮತ್ತು ಸಂಗಡಿಗರು 40 ಕೂಸುಗಳನ್ನು ಎಂಟನೇ ತಿಂಗಳಿಂದ ಇಪ್ಪತ್ತನೇ ತಿಂಗಳವರೆಗೆ ನೋಡಿದರು. ಸನ್ನೆ ಕಲಿತವು ಸನ್ನೆ ಮಾಡಿದವು, ನಿಜ. ಮಾತು ಮಾತ್ರ ಬೇರೆ ಕೂಸುಗಳಿಗೆ ಯಾವಾಗ ಬಂತೋ ಇವಕ್ಕೂ ಆಗಲೇ ಬಂತು. ಬದಲಾಗಿದ್ದು ತಾಯಂದಿರು: ಮಗುವಿನ ಸುಳಿವುಗಳಿಗೆ ಅವರು ಹೆಚ್ಚು ಚುರುಕಾಗಿ ಓಗೊಡುತ್ತಿದ್ದರು.

ನನಗೆ ಈ ಕೊನೆಯದು ಓದಿದಾಗ ಬಲು ಖುಷಿಯಾಯಿತು, ಏಕೆಂದರೆ ನಮ್ಮ ಮನೆಯಲ್ಲಿ ಆಗಿದ್ದು ಅದೇ. ರಾತ್ರಿ ಊಟಕ್ಕೆ ಕೂತರೆ ನಾಲ್ಕು ಜನ ದೊಡ್ಡವರ ಕಣ್ಣೂ ಕೂಸಿನ ಎರಡು ಕೈಗಳ ಮೇಲೆ. ಫೋನುಗಳು ಸೋಫಾದ ಮೇಲೆ ಒಂಟಿಯಾಗಿ ಮಿಣುಕುತ್ತಿದ್ದವು. ಕಿರುಬೆರಳು ಅಲ್ಲಾಡಿದರೆ ಚರ್ಚೆ, ಕಿವಿ ಕೆರೆದುಕೊಂಡರೆ ವ್ಯಾಖ್ಯಾನ. ಕ್ರಿಕೆಟ್ಟಿನ ಮೂರನೇ ಅಂಪೈರು ಕೂಡ ಅಷ್ಟು ಸಲ ಮರುಪರಿಶೀಲನೆ ಮಾಡಿರಲಾರ. ಐಕ್ಯೂ ಹಾಳಾಗಲಿ, ಇಷ್ಟು ಜನ ಇಷ್ಟು ಹೊತ್ತು ತನ್ನನ್ನೇ ನೋಡುವಂತೆ ಮಾಡಿದ ಕೂಸಿನ ಜಾಣತನ ಸಾಲದೆ?

ಒಂದು ಸಂಗತಿ ಮಾತ್ರ ನಗುವಿನ ನಡುವೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಕರು ಸಭೆ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ತುಟಿ ನೋಡಿ ಮಾತು ಕಲಿಯಲಿ ಎಂದು ಗೊತ್ತುವಳಿ ಮಾಡಿದರು. ಅದರ ನೆರಳು ಎಷ್ಟೋ ದಶಕ ಚಾಚಿತು. ತಮ್ಮದೇ ಭಾಷೆಯಲ್ಲಿ ಕೈ ಆಡಿಸಿದ್ದಕ್ಕೆ ಮಕ್ಕಳು ಏಟು ತಿಂದರು. ಅದು ಅರೆಬರೆ ಅಭಿನಯವಲ್ಲ, ವ್ಯಾಕರಣವಿರುವ ನಿಜವಾದ ಭಾಷೆ ಎಂದು ಅಮೆರಿಕದ ವಿಲಿಯಂ ಸ್ಟೋಕೊ ತೋರಿಸಿದ್ದು 1960ರಲ್ಲಿ. ಕಿವುಡ ತಂದೆತಾಯಿಯ ಕಿವುಡ ಕೂಸುಗಳು, ಬೇರೆ ಕೂಸುಗಳು ಬಬಬ ಎನ್ನುವಂತೆಯೇ, ಕೈಯಲ್ಲಿ ತೊದಲುತ್ತವೆ ಎಂದು 1991ರಲ್ಲಿ ಗೊತ್ತಾಯಿತು. ಅದೇ ಭಾಷೆಯ ಐದಾರು ಪದ ಹೆಕ್ಕಿಕೊಂಡು ಕಿವಿ ಕೇಳುವ ಕೂಸುಗಳ ಅಪ್ಪ ಅಮ್ಮ ಈಗ ಫೀಸು ಕಟ್ಟಿ ತರಗತಿಗೆ ಹೋಗುತ್ತಾರೆ. ನಮ್ಮ ದೇಶದ ಸನ್ನೆಭಾಷೆಯೇ ಬೇರೆ. ಅಮೆರಿಕದವರು ಒಂದು ಕೈಯಲ್ಲಿ ಅಕ್ಷರ ಬರೆದರೆ ನಮ್ಮವರು ಎರಡು ಕೈಯಲ್ಲಿ. ಅದಕ್ಕೆಂದು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಸಂಸ್ಥೆಯೊಂದು ಬಂದದ್ದು 2015ರಲ್ಲಿ. 2018ರಲ್ಲಿ 3,000 ಪದಗಳಿದ್ದ ಅದರ ನಿಘಂಟು 2021ಕ್ಕೆ 10,000 ಪದಗಳಿಗೆ ಬೆಳೆಯಿತು. ಇದನ್ನು ಹೇಳಿದಾಗ ನಮ್ಮಾಕೆ ಕೇಳಿದ್ದು ಒಂದೇ: "ಅದರಲ್ಲಿ ಹಾಲಾದರೂ ಸರಿಯಾಗಿ ಕರೀತಾರಾ?"

ಇನ್ನು ಯುದ್ಧದ ಸಮಾಚಾರ. ಮಗಳು ತಾರಮ್ಮಯ್ಯ ನಿಷೇಧಿಸಲು ನೋಡಿದಳು. ಅಜ್ಜಿ ಅದನ್ನು ಸ್ನಾನದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮುಂದುವರಿಸಿದಳು. ಕಾಲ ಕಳೆದಂತೆ ಪುಟ್ಟಿಯೇ ವ್ಯತ್ಯಾಸ ಮಾಡಿಕೊಂಡಳು. ತಾರಮ್ಮಯ್ಯಕ್ಕೆ ಕೈ ತಲೆಯ ಮೇಲೆ, ಸಾಕಿಗೆ ಎದೆಯ ಮಟ್ಟ. ಇಷ್ಟು ಸ್ಪಷ್ಟವಾದ ಮೇಲೆ ಕದನವಿರಾಮ ಆಗಬೇಕಿತ್ತು. ಆಗಲಿಲ್ಲ. ಏಕೆಂದರೆ ನಮ್ಮಾಕೆಗೆ ಈಗ ಸನ್ನೆ ಚೆನ್ನಾಗಿ ಅರ್ಥವಾಗುತ್ತಿತ್ತು, ಒಪ್ಪಿಗೆಯಾಗುತ್ತಿರಲಿಲ್ಲ. ಎದೆಯ ಮಟ್ಟದಲ್ಲಿ ಎರಡು ಪುಟ್ಟ ಕೈ ತಿರುಗುತ್ತಿವೆ, ಅವುಗಳ ನಡುವಿನಿಂದ ತುತ್ತು ಒಳಗೆ ಹೋಗುತ್ತಿದೆ. ಪಂಕ್ತಿಯ ಹೋಳಿಗೆಯ ಅದೇ ಮಾರ್ಗ. "ಹೂಂ ಹೂಂ, ಗೊತ್ತಾಯ್ತು ಬಂಗಾರ, ಸಾಕು. ಇದು ಕಾಗೆಗೆ... ಇದು ಗುಬ್ಬಿಗೆ... ಇದು ಚಂದಮಾಮನಿಗೆ." ಮಗಳು ತನ್ನ ಮೀಟಿಂಗಿನ ನಡುವೆ ಮೈಕ್ ಮುಚ್ಚಿ ಕೂಗುತ್ತಿದ್ದಳು: "ಅಮ್ಮಾ, ಸಾಕು!" ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. "ಅಮ್ಮಾ, ಸಾಕು!"

ನಮ್ಮ ಪಾಳಿ ಮುಗಿಯುವ ಹೊತ್ತಿಗೆ ಪುಟ್ಟಿಗೆ ವರ್ಷ ತುಂಬಿತ್ತು. ಅಳಿಯ ಎಕ್ಸೆಲ್‌ನಲ್ಲಿ 'ಮೊದಲ ಮಾತು' ಎಂಬ ಕಾಲಂ ತೆರೆದು ಕಾಯುತ್ತಿದ್ದ. ಅಪ್ಪ ಎಂದಾಳು ಎಂದು ಅವನಿಗೆ, ಅಮ್ಮ ಎಂದಾಳು ಎಂದು ಮಗಳಿಗೆ, ಬಾಯಿಬಿಟ್ಟು ಹೇಳದಿದ್ದರೂ ತಾತ ಎಂದಾಳು ಎಂದು ನನಗೆ. ಒಂದು ಮಧ್ಯಾಹ್ನ ಮೊಸರನ್ನ ಮುಗಿಯುತ್ತ ಬಂದಿತ್ತು. ಪುಟ್ಟಿ ಎದೆಯ ಮಟ್ಟದಲ್ಲಿ ಕೈ ತಿರುವಿದಳು. ತುತ್ತು ಬಂತು. ಮತ್ತೆ ತಿರುವಿದಳು. ಮತ್ತೆ ಬಂತು. ಆಗ ಎರಡೂ ಕೈ ಕೆಳಗಿಳಿಸಿ, ತಟ್ಟೆಯ ಅಂಚನ್ನು ಗಟ್ಟಿಯಾಗಿ ಹಿಡಿದು, ಅಜ್ಜಿಯ ಮುಖಕ್ಕೆ ನೇರ ನೋಡಿ, ಮನೆಯೆಲ್ಲ ಕೇಳುವಂತೆ ಕೂಗಿದಳು:

"ಚಾಕು!"

ಮಗಳು ಮೀಟಿಂಗು ಬಿಟ್ಟು ಓಡಿ ಬಂದಳು. ಅಳಿಯನಿಗೆ ಫೋನು ಹೋಯಿತು. ಇದನ್ನು ಕನ್ನಡ ಎಂದು ದಾಖಲಿಸಲೇ, ಅಳಲು ಎಂದು ದಾಖಲಿಸಲೇ ಎಂದು ಅವನು ಕೇಳಿದ. ನಮ್ಮಾಕೆಯ ಕಣ್ಣಲ್ಲಿ ನೀರು. "ಕೇಳಿದ್ರಾ? ಎಷ್ಟು ಸ್ಪಷ್ಟವಾಗಿ ಅಂತು ನನ್ನ ಬಂಗಾರ! ಕನ್ನಡ ಕಣ್ರೀ, ಅಪ್ಪಟ ಕನ್ನಡ!" ಎಂದು ಕೂಸಿನ ಕೆನ್ನೆ ಸವರಿ, ನೆಟಿಕೆ ಮುರಿದು, ಆ ಸಂತೋಷಕ್ಕೆಂದು ಬಟ್ಟಲಿನ ತಳ ಬಳಿದು ಇನ್ನೊಂದು ತುತ್ತು ಹಾಕಿದಳು.